ಒಂದು ಚಮಚ ಬಂಗಾರದ ನೀರು

ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಏನನ್ನೂ ಇಡಬಾರದು. ಇಟ್ಟರೂ ಅದೇನೆಂದು ಬಾಯಿ ಬಿಡಬಾರದು. ಶಿರಸಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮನೋಹರ ಎರಡನ್ನೂ ಮಾಡಿ ಕೆಟ್ಟ.

ಅವನ ಫ್ರಿಜ್ಜು ಕೈಕೊಟ್ಟಿತ್ತು. ತಂಪಿನಲ್ಲೇ ಇರಬೇಕಾದ ಪುಟ್ಟ ಬಾಟಲಿಯೊಂದನ್ನು ನೆರೆಮನೆಯ ವೇದಕ್ಕನ ಫ್ರಿಜ್ಜಿನಲ್ಲಿ ಇಟ್ಟಿದ್ದ. ಬೆಳಿಗ್ಗೆ ತರಲು ಹೋದರೆ ಅವಳು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಎಂತದಾ ತಮಾ ಇದು? ಮುರುಗಲು ಪಾನಕದಾಂಗೆ ಕೆಂಪಿದ್ದು."

"ಬಂಗಾರದ ಕಣ, ವೇದಕ್ಕ. ಮಿಂಚಿನಂಥ ಪ್ಲಾಸ್ಮಾ ಹಾಯ್ಸಿ ನೀರಲ್ಲೇ ಮಾಡಿದ್ದು, ಕಣ್ಣಿಗೆ ಕಾಣದಷ್ಟು ಸಣ್ಣ. ಇದ್ರಿಂದ ಕ್ಯಾನ್ಸರ್ ಕೋಶ ಸಾಯ್ತಾ ಹೇಳಿ ಹುಬ್ಳಿ ಲ್ಯಾಬಲ್ಲಿ ಇವತ್ತು ನೋಡ್ತ."

ವೇದಕ್ಕ ಇದರಲ್ಲಿ ಬಂಗಾರವನ್ನೂ ಕ್ಯಾನ್ಸರನ್ನೂ ಮಾತ್ರ ತೆಗೆದಿಟ್ಟುಕೊಂಡಳು.

ತಿಂಗಳುಗಟ್ಟಲೆ ಕಾಲೇಜಿನ ಪ್ಲಾಸ್ಮಾ ಯಂತ್ರದ ಮುಂದೆ ಕೂತು ಮಾಡಿದ ನೀರು ಅದು. ಆ ಸಂಶೋಧನೆ ತನ್ನ ಕೈಗೆ ಸಿಗಲಿ ಎಂದು ಸಹೋದ್ಯೋಗಿ ನಾಗಪತಿ ಹೊಂಚು ಹಾಕಿಯೇ ಇದ್ದ. ಬಾಟಲಿ ಇವತ್ತು ಹುಬ್ಬಳ್ಳಿ ಮುಟ್ಟಿದರೆ ಮನೋಹರನನ್ನು ಅಲುಗಾಡಿಸುವವರಿರಲಿಲ್ಲ.

ಬಸ್ಸಿನಲ್ಲಿ ತಂಪುಚೀಲವನ್ನು ಎದೆಗವಚಿಕೊಂಡು ಕೂತಿದ್ದಾಗ ವೇದಕ್ಕ ಏದುಸಿರು ಬಿಡುತ್ತ ಹತ್ತಿದಳು. ಅವಳ ಹಿಂದೆಯೇ ಬನವಾಸಿ ಕಡೆಯ ಗುರುಶಾಂತವ್ವ, ವೇದಕ್ಕನ ಮನೆಗೆ ಜೋಳದ ರೊಟ್ಟಿ ತಂದುಕೊಡುವವಳು.

"ಇವ್ರ ಅಕ್ಕಂಗೆ ಕ್ಯಾನ್ಸರು, ಹುಬ್ಳಿ ಆಸ್ಪತ್ರೆಲಿ ಇದ್ದು. ದಾರಿಲಿ ಮಾತಾಡ್ಕಳಿ" ಎಂದು ಅವಳನ್ನು ಮನೋಹರನ ಪಕ್ಕ ಕೂರಿಸಿ, ವೇದಕ್ಕ ಇಳಿದೇಬಿಟ್ಟಳು.

ಯಲ್ಲಾಪುರದವರೆಗೆ ಗುರುಶಾಂತವ್ವ ಚೀಲವನ್ನೇ ನೋಡುತ್ತಿದ್ದಳು. ಯಲ್ಲಾಪುರ ದಾಟುತ್ತಲೇ ಕೈಚೀಲದಿಂದ ಒಂದು ಸ್ಟೀಲಿನ ಚಮಚ ತೆಗೆದಳು.

"ಒಂದು ಚಮಚ ಸಾಕ್ರಿ ಸರ. ಅಕ್ಕ ಭಾಳ ಸೊರಗ್ಯಾಳ."

ಮನೋಹರ ಚೀಲವನ್ನು ಆಚೆಗೆ ಸರಿಸಿದ. "ಅವ್ವಾ, ಇದು ಔಷಧಿ ಅಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿ ನೋಡೋದು ಅಷ್ಟೇ. ಮನುಷ್ಯರಿಗೆ ಕೊಡೋ ಹಾಗಿಲ್ಲ."

"ನಾಟಿ ಔಷಧ ಕೊಡೋರೆಲ್ಲ ಮೊದ್ಲು ಹಂಗ ಅಂತಾರ್ರಿ. ಮೂರು ಸರ್ತಿ ಇಲ್ಲ ಅಂದು ಆಮ್ಯಾಲೆ ಕೊಡ್ತಾರ. ನೀವು ಇನ್ನೆರಡು ಸರ್ತಿ ಅನ್ರಿ, ನಾ ಕಾಯ್ತೀನಿ."

ಮನೋಹರ ಇನ್ನೊಂದು ಸಲ ಇಲ್ಲವೆಂದ. ಮೂರನೆಯದನ್ನು ಹೇಳಲು ಹೆದರಿ ಬಾಯಿ ಮುಚ್ಚಿದ.

ಅಷ್ಟರಲ್ಲಿ ಇಡೀ ಬಸ್ಸಿಗೆ ಸುದ್ದಿ ಹಬ್ಬಿತ್ತು. ಹಿಂದಿನ ಸೀಟಿನವನೊಬ್ಬ ಮೂಲವ್ಯಾಧಿಗೂ ಆಗುತ್ತದೆಯೇ ಎಂದು ಕೇಳಿದ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು, "ಪಥ್ಯ ಎಂತದು? ಬದನೆಕಾಯಿ ನಡೀತದಾ?" ಎಂದ.

ಕಿರವತ್ತಿಯಲ್ಲಿ ಚಹಾಕ್ಕೆ ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ. ಗುರುಶಾಂತವ್ವ ಅವನ ಕೈ ಹಿಡಿದು ಅತ್ತುಬಿಟ್ಟಳು. "ನಮ್ಮಕ್ಕ ನನ್ನ ಎತ್ತಿ ಆಡಿಸಿದಾಕಿರಿ. ಬರಿಗೈಲೆ ಹ್ಯಾಂಗ ಹೋಗ್ಲಿ?"

ಮನೋಹರ ಕೈ ಬಿಡಿಸಿಕೊಳ್ಳದೆ ಲೆಕ್ಕ ಹಾಕಿದ. ಕೊಟ್ಟರೆ ಇವಳು ಆಸ್ಪತ್ರೆಯಲ್ಲಿ ಯಾರಿಗೂ ಹೇಳದೆ ಕುಡಿಸುತ್ತಾಳೆ, ಏನಾಗುತ್ತದೋ ಶಿವನೇ ಬಲ್ಲ. ಕೊಡದಿದ್ದರೆ ಕಸಿದುಕೊಳ್ಳಲು ಬಸ್ಸಿಗೆ ಬಸ್ಸೇ ಎದ್ದು ನಿಂತಿದೆ. ಬೇರೇನೂ ತೋಚದೆ, "ಸುಳ್ಳು ಹೇಳಿದ್ದೆ ಅವ್ವಾ. ಇದು ಬರೀ ಮುರುಗಲು ಪಾನಕ" ಎಂದ.

"ಹೌದಾ? ಹಾಗಾದ್ರೆ ನೀವೇ ಕುಡೀರಿ ನೋಡುವ" ಎಂದ ಕಂಡಕ್ಟರ್.

ಮನೋಹರ ಮುಚ್ಚಳ ತೆಗೆದ. ಕಣ್ಣು ಮುಚ್ಚಿಕೊಂಡು ತಿಂಗಳುಗಳ ದುಡಿಮೆಯನ್ನು ಗಟಗಟ ಕುಡಿದ. ರುಚಿಯೂ ಇರಲಿಲ್ಲ.

ಗುರುಶಾಂತವ್ವ ಅವನ ಮುಖವನ್ನೇ ದಿಟ್ಟಿಸಿದಳು. ಚಮಚ ಒಳಗಿಟ್ಟಳು. ಆಮೇಲೆ ಒಂದು ಮಾತೂ ಕೇಳದೆ ಅವನಿಗೆ ಕಿಟಕಿಯ ಸೀಟು ಬಿಟ್ಟು, ಕಿತ್ತಳೆ ಸುಲಿದುಕೊಟ್ಟು, ಮೊಬೈಲು ಹಿಡಿದು ಕೆಳಗಿಳಿದಳು. ಅಂತೂ ಅರ್ಥಮಾಡಿಕೊಂಡಳಲ್ಲ ಎಂದು ಮನೋಹರ ಉಸಿರು ಬಿಟ್ಟ. ಲ್ಯಾಬಿನವರ ಕೈಕಾಲು ಹಿಡಿದು ಬೇರೆ ದಿನ ಕೇಳಿದರಾಯಿತು. ಯಂತ್ರ ಇದೆ, ಇನ್ನೊಮ್ಮೆ ಮಾಡಿದರಾಯಿತು.

ಕಲಘಟಗಿಯ ಹತ್ತಿರ ಪ್ರಿನ್ಸಿಪಾಲ್ ಪರಮೇಶ್ವರಪ್ಪನವರ ಫೋನು ಬಂತು. ದನಿ ಒದ್ದೆಯಾಗಿತ್ತು.

"ಮನೋಹರ, ಬಸ್ಸಿಂದ ಫೋನ್ ಬಂತಂತೆ, ವೇದಕ್ಕ ಬಂದು ಎಲ್ಲಾ ಹೇಳಿದ್ರು. ಇಷ್ಟು ದೊಡ್ಡ ಕಾಯಿಲೆ ಇಟ್ಕೊಂಡು ನಮ್ಮ ಹತ್ರ ಮುಚ್ಚಿಡೋದಾ? ನಿಮಗೋಸ್ಕರ ನೀವೇ ಔಷಧಿ ಮಾಡ್ಕೊಳ್ತಾ ಇದ್ರಿ ಅಂತ ನಮಗೇನು ಗೊತ್ತು?"

"ಸರ್, ನಂಗೆ ಎಂತದೂ ಆಗಿಲ್ಲ."

"ಆ ಧೈರ್ಯ ಇರಲಿ. ವರ್ಷಪೂರ್ತಿ ರಜೆ ತಗೊಳ್ಳಿ, ಯಂತ್ರದ ಚಿಂತೆ ಬೇಡ. ನಾಗಪತಿ ಆಗಲೇ ಅದರ ಮುಂದೆ ಕೂತಿದ್ದಾರೆ, ಪಾಪ, ಅತ್ತುಕೊಂಡೇ."

ಫೋನು ಕಟ್ಟಾಯಿತು. ಹುಬ್ಬಳ್ಳಿಯಲ್ಲಿ ಆಸ್ಪತ್ರೆಯ ಮುಂದೆ ಬಸ್ಸು ನಿಂತಾಗ ಗುರುಶಾಂತವ್ವ ಅವನ ತೋಳು ಹಿಡಿದಳು.

"ಏಳ್ರಿ ತಮ್ಮಾ, ಅಂಜಬ್ಯಾಡ್ರಿ. ಅಕ್ಕನ ಬಾಜೂಕ ನಿಮಗೂ ಒಂದು ಮಂಚ ಹೇಳೇನಿ."

ಕಂಡಕ್ಟರ್ ಕಣ್ಣೊರೆಸಿಕೊಳ್ಳುತ್ತ ಅವನ ಚೀಲ ಇಳಿಸಿಕೊಟ್ಟ.