ಒದ್ದೆ ಬಟ್ಟೆಯ ಕೆಳಗಿದ್ದ ತಮ್ಮ

ಆ ಶಾಲೆಯನ್ನು ನೋಡಿದ ಮೊದಲ ದಿನವೇ ತೀರ್ಮಾನಿಸಿಬಿಟ್ಟೆ: ಸಂಜೆಯೊಳಗೆ ಇದನ್ನು ಕನ್ನಡಿಯಂತೆ ಮಾಡದಿದ್ದರೆ ನಾನು ಇಷ್ಟು ಕಾಲ ಪೊರಕೆ ಹಿಡಿದದ್ದೇ ದಂಡ! ನನ್ನವರು ಹೋದ ಮೇಲೆ ಮನೆಯಲ್ಲಿ ಕೊಳೆ ಮಾಡುವವರೇ ಇರಲಿಲ್ಲ. ಒರೆಸಿದ್ದನ್ನೇ ಒರೆಸಿ ನೆಲ ಸವೆಸಿಯೇನೆಂದು ಹೆದರಿ, ಸೊಸೆ ನನ್ನನ್ನು ತನ್ನ ಮಾಂಟೆಸ್ಸರಿ ಶಾಲೆಗೆ ಆಯಾ ಆಗಿ ಕರೆತಂದಳು.

ಅಲ್ಲಿ ಎಲ್ಲವೂ ಪುಟ್ಟದು. ಮೊಣಕಾಲೆತ್ತರದ ಕಪಾಟು, ಗೊಂಬೆಗೆ ಸಾಲುವಷ್ಟು ಹೂಜಿ, ಗೇಣುದ್ದದ ಪೊರಕೆ. ಮಗು ತನ್ನ ಚಾಪೆ ತಾನೇ ಹಾಸಿಕೊಂಡು, ಬೇಕಾದ ಕೆಲಸ ತಾನೇ ಆರಿಸಿಕೊಂಡು, ಮುಗಿದ ಮೇಲೆ ತಾನೇ ತೆಗೆದಿಡಬೇಕು. ಸೊಸೆಯ ಶಾಲೆಯಲ್ಲಿ ಇದರ ಜೊತೆಗೆ ಬಣ್ಣ, ಜೇಡಿಮಣ್ಣು, ಹಾಡು, ಕುಣಿತ ಬೇರೆ. ಕೊಳೆಗೆ ಬರವೇ?

“ಅತ್ತೆ, ನೆಲ ನಿಮ್ಮದು. ಮಕ್ಕಳ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ,” ಎಂದಿದ್ದಳು ಸೊಸೆ. ಹೂಂ ಎಂದೆ. ಕೆಲಸ ಯಾವುದು, ಕಸ ಯಾವುದು ಎಂದು ನನಗೆ ಹೇಳಿಕೊಡಬೇಕೆ?

ಮಕ್ಕಳು ಹೋದ ಮೇಲೆ ಕೆಳಗಿನ ಕಪಾಟಿನಲ್ಲಿ ಒಂದು ತಟ್ಟೆ ಕಂಡಿತು. ಒದ್ದೆ ಬಟ್ಟೆಯ ಕೆಳಗೆ ಒಂದು ಮಣ್ಣಿನ ಮುದ್ದೆ, ಅದಕ್ಕೊಂದು ತೂತು. ಉಳಿದ ಮಣ್ಣೆಂದುಕೊಂಡೆ. ದೊಡ್ಡ ಬೋಗುಣಿಗೆ ಹಾಕಿ, ಒಂದು ಗಂಟೂ ಉಳಿಯದಂತೆ ನಾದಿದೆ. ತಟ್ಟೆ ಬೆಳಗಿದೆ. ಬಟ್ಟೆ ಹಿಂಡಿ ಒಣಹಾಕಿದೆ.

ಮರುದಿನ ಬಟಾಣಿ ಬಂದಳು. ದುಂಡಗಿನ, ನಿಂತಲ್ಲಿ ನಿಲ್ಲದ ಹುಡುಗಿ. ಎಲ್ಲರೂ ಹಾಗೇ ಕರೆಯುತ್ತಿದ್ದರು. ಚಾಪೆ ಹಾಸಿ, ಮೂಲೆಗಳನ್ನು ಸರಿಮಾಡಿ, ಕಪಾಟಿಗೆ ಹೋದವಳು ಬರಿಯ ತಟ್ಟೆ ಹಿಡಿದು ನನ್ನೆದುರು ನಿಂತಳು.

“ಅಜ್ಜಿ, ನನ್ನ ತಮ್ಮ ಎಲ್ಲಿ?”

ಯಾವುದೋ ಮಗು ತಪ್ಪಿಸಿಕೊಂಡಿತೆಂದು ನಾನು ಬಚ್ಚಲುಮನೆಯನ್ನೂ ಇಣುಕಿ ಬಂದೆ. ಸೊಸೆ ತಟ್ಟೆಯನ್ನು ನೋಡಿದಳು, ತಂತಿಯ ಮೇಲಿನ ಬಟ್ಟೆಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

“ಅತ್ತೆ, ಬಟಾಣಿಯ ತಮ್ಮನನ್ನ ಏನು ಮಾಡಿದಿರಿ?”

“ನಾದಿಬಿಟ್ಟೆ ಕಣೇ,” ಎಂದೆ ಸೊಸೆಯ ಕಿವಿಯಲ್ಲಿ.

ಆಮೇಲೆ ಸೊಸೆ ಮೆಲ್ಲಗೆ ಬಿಡಿಸಿ ಹೇಳಿದಳು. ಹುಡುಗಿಯ ಅಮ್ಮ ತುಂಬು ಬಸುರಿ. ಮುದ್ದೆ ಅಮ್ಮನ ಹೊಟ್ಟೆ; ತೂತು, ಒಳಗಿನ ತಮ್ಮ ಹೊರಗೆ ನೋಡಲಿಕ್ಕೆ. ಒದ್ದೆ ಬಟ್ಟೆ ಹೊದಿಸಿದ್ದಾರೆಂದರೆ ಕೆಲಸ ಇನ್ನೂ ಮುಗಿದಿಲ್ಲ ಎಂದರ್ಥ. ನಾಳೆ ಸಂಜೆ ಅಮ್ಮ ಅದನ್ನು ನೋಡಲೆಂದೇ ಬರುತ್ತಾಳೆ; ಆಮೇಲೆ ಆಸ್ಪತ್ರೆ.

ಇಷ್ಟು ಕೇಳಿದ ಮೇಲೂ ನನ್ನ ಕೈ ಸುಮ್ಮನಿರಬೇಕಲ್ಲ! ಮಕ್ಕಳು ಹೊರಗೆ ಕುಣಿಯುತ್ತಿದ್ದಾಗ ನಾನೇ ಒಂದು ಪಾಪು ಮಾಡಿದೆ. ಮೂಗು, ತುಟಿ, ಬೆರಳು, ಬೆರಳಿಗೆ ಉಗುರು. ಬ್ರಹ್ಮನೂ ಇಷ್ಟು ನಿಧಾನವಾಗಿ ಕೂತು ಮಾಡಿರಲಾರ! ಒದ್ದೆ ಬಟ್ಟೆ ಹೊದಿಸಿಟ್ಟೆ.

ಬಟಾಣಿ ಬಟ್ಟೆ ಎತ್ತಿ ತುಂಬ ಹೊತ್ತು ನೋಡಿದಳು.

“ಚೆನ್ನಾಗಿದೆ. ಯಾರ ಮನೆ ಪಾಪು?”

“ನಿನ್ನ ತಮ್ಮನೇ ಅಲ್ವೇನೇ?”

“ಅಲ್ಲ. ಇವನು ಹುಟ್ಟಿಬಿಟ್ಟಿದಾನೆ. ನಮ್ಮವನು ಇನ್ನೂ ಬರಬೇಕು.”

ನೆಲದ ಮೇಲೆ ಕೂತು ನಡೆದದ್ದನ್ನು ಹೇಳಿಬಿಟ್ಟೆ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದೆ. ಅಷ್ಟು ನನಗೆ ಬರುತ್ತದೆ. ಅವಳು ಅಳಲಿಲ್ಲ.

“ಕೇಳಬೇಕಿತ್ತು,” ಎಂದಳು.

ಆಮೇಲೆ ಬೋಗುಣಿಯೊಳಗೆ ಬಗ್ಗಿ, ತಮ್ಮ ಇದರಲ್ಲೇ ಇದ್ದಾನಾ ಎಂದು ವಿಚಾರಿಸಿದಳು. ಇದರಲ್ಲೇ ಇದ್ದಾನೆ, ಚೂರೂ ಹೊರಗೆ ಹೋಗಿಲ್ಲ ಎಂದೆ. ಎರಡೂ ಕೈಗೆ ಹಿಡಿಸುವಷ್ಟು ಮಣ್ಣು ತೆಗೆದುಕೊಂಡು ಚಾಪೆಯ ಮೇಲೆ ಕೂತಳು. ನನಗೆ ಚಾಪೆಯಾಚೆ ಕೂರಲು ಅಪ್ಪಣೆಯಾಯಿತು. ಮುದ್ದೆ ಒಂದು ಕಡೆಗೆ ವಾಲುತ್ತಿತ್ತು. ಒಂಚೂರು ಒತ್ತಿದರೆ ನೆಟ್ಟಗಾಗುತ್ತಿತ್ತು! ಕೈ ತುರಿಸಿತು; ಅಂಗೈಗಳ ಮೇಲೆಯೇ ಕೂತುಬಿಟ್ಟೆ. ಮನೆಯಲ್ಲಿ ಒರೆಸಿ ಒರೆಸಿ ಎಲ್ಲವನ್ನೂ ಮುಗಿಸಿಟ್ಟಿದ್ದವಳಿಗೆ, ಮುಗಿಯದ್ದೊಂದನ್ನು ಸುಮ್ಮನೆ ನೋಡುತ್ತಾ ಕೂರುವುದು ಹೊಸದಾಗಿತ್ತು.

ಮರುದಿನ ಸಂಜೆ ಬಟಾಣಿಯ ಅಮ್ಮ ಬಂದು ಪುಟ್ಟ ಕುರ್ಚಿಯ ಮೇಲೆ ಹೇಗೋ ಕೂತು, ಹೊಸ ಮುದ್ದೆಯ ತೂತಿನೊಳಗೆ ಬೆರಳಿಟ್ಟಳು.

“ಒಳಗೆ ಬೆಚ್ಚಗಿದೆಯಾ?”

“ಇಲ್ಲ, ಒದ್ದೆ ಇದೆ,” ಎಂದಳು ಬಟಾಣಿ.

ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಉಗುರುಳ್ಳ ಪಾಪುವನ್ನು ನಾನೇ ಬೋಗುಣಿಗೆ ಹಾಕಿ ನಾದಿದೆ.

ಬಟಾಣಿ ದೊಡ್ಡ ಶಾಲೆಗೆ ಹೊರಡುವ ಮುಂಚೆ, ಅಮ್ಮನ ತೋಳಲ್ಲಿದ್ದ ನಿಜವಾದ ತಮ್ಮನನ್ನು ತೋರಿಸಲು ಬಂದಿದ್ದಳು. ಕೂಸಿನ ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿತ್ತು. ನನ್ನ ಕೈ ತನ್ನಷ್ಟಕ್ಕೆ ಸೆರಗಿನ ತುದಿ ಹಿಡಿದು ಮುಂದೆ ಹೋಯಿತು. ಬಟಾಣಿ ಮಣಿಕಟ್ಟು ಹಿಡಿದುಕೊಂಡಳು.

“ಅಜ್ಜಿ, ಅವನನ್ನ ಕೇಳಿದೆಯಾ?”