ಸೋಪಿನ ಕೆಳಗಿನ ಗಂಟೆ

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ತಂತಿಯ ಮೇಲೆ ನಂಬಿಕೆ ಹೆಚ್ಚು. ತಂತಿ ಸುಳ್ಳು ಹೇಳುವುದಿಲ್ಲವಂತೆ! ಸೈನ್ಯದ ಸಿಗ್ನಲ್ ವಿಭಾಗದಲ್ಲಿ ಹವಾಲ್ದಾರರಾಗಿ ಅರ್ಧ ಆಯುಸ್ಸು ತಂತಿ ಎಳೆದು, ಊರಿಗೆ ಬರುವಾಗ ಒಂದು ಸುರುಳಿ ತಂತಿ, ಒಂದು ಬ್ಯಾಟರಿ ಗಂಟೆ ಮತ್ತು ಮುಖಕ್ಕಿಂತ ದೊಡ್ಡದಾದ ಮೀಸೆಯನ್ನು ತಂದು, ಮಾದಾಪುರದಲ್ಲಿ ದಿನಸಿ ಅಂಗಡಿ ಇಟ್ಟರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು, ಊಟ ವಸತಿ ಮಾವನ ಮನೆಯಲ್ಲಿ. ಹಾಗಾಗಿ ಅವರ ಪ್ರಯೋಗಗಳಿಗೆಲ್ಲ ಬಿಟ್ಟಿ ಸಹಾಯಕ!

ಒಮ್ಮೆ ಅಂಗಡಿಯಿಂದ ವಾಸನೆ ಸೋಪು ಒಂದೊಂದೇ ಮಾಯವಾಗತೊಡಗಿತು. ಬೇರೆಯವರಾದರೆ ಸೋಪನ್ನು ಒಳಗಿಡುತ್ತಿದ್ದರು. ಮಾವ ಬಿಡುತ್ತಾರೆಯೇ? ಸೋಪಿನ ಸಾಲಿನ ಕೆಳಗೆ ತಗಡಿನ ಪಟ್ಟಿ ಇಟ್ಟು, ಅಂಗಡಿ ತುಂಬ ತಂತಿ ಓಡಿಸಿದರು. ಸೋಪು ಎತ್ತಿದರೆ ಪಟ್ಟಿ ಮೇಲೇಳಬೇಕು, ಗಂಟೆ ಹೊಡೆಯಬೇಕು. ಹುರುಪಿನಲ್ಲಿ ಬೆಲ್ಲದ ಡಬ್ಬದ ಮುಚ್ಚಳಕ್ಕೂ ಒಂದು ತಂತಿ ಬಿಗಿದರು.

ಅಲ್ಲೇ ಎಡವಟ್ಟಾಯಿತು. ನಮ್ಮ ಕಡೆ ಬೆಲ್ಲ ಕೊಳ್ಳುವವರು ಮೊದಲು ಚೂರು ಬಾಯಿಗೆ ಹಾಕಿ ನೋಡದೆ ಬಿಡುವುದುಂಟೇ? ಊರಿನ ಹಿರಿಯರಾದ ಪಟೇಲರು ಮುಚ್ಚಳ ತೆಗೆದರು. ಟ್ರಿಣ್ಣ್!

"ಎಂತ ಹವಾಲ್ದಾರ್ರೇ, ನಾನು ಕಳ್ಳನಾ?" ಎಂದು ಪಟೇಲರು ಬೆಲ್ಲವನ್ನು ನುಂಗಿ, ಕೋಪವನ್ನು ಮಾತ್ರ ನುಂಗದೆ ಹೊರಟೇಹೋದರು.

ಬೆಲ್ಲದ ತಂತಿ ಬಿಚ್ಚಿದ್ದಾಯಿತು. ಇನ್ನು ಸೋಪಿನದು. ಪಟ್ಟಿಯನ್ನು ಸಡಿಲ ಮಾಡಿದರೆ ಇಡೀ ಸಾಲು ಎತ್ತಿದರೂ ಗಂಟೆಗೆ ನಿದ್ದೆ. ಬಿಗಿ ಮಾಡಿದರೆ ರಸ್ತೆಯಲ್ಲಿ ಬಸ್ಸು ಹೋದರೂ ಬೊಬ್ಬೆ! ಎರಡು ವಾರ ನಾನು ಸೋಪು ಎತ್ತುವುದು, ಮಾವ ಪಟ್ಟಿ ಬಗ್ಗಿಸುವುದು. ಕೊನೆಗೆ ಹದ ಸಿಕ್ಕಿತು. ಆ ಸಂಭ್ರಮದಲ್ಲಿ, ಮಾರುವಾಗ ಗಂಟೆ ಹೊಡೆಯದಂತೆ ತಾವೇ ಇಟ್ಟಿದ್ದ ಗುಂಡಿಯನ್ನು ಒತ್ತಲು ಮರೆತು ಸ್ವತಃ ಸೋಪು ತೆಗೆದರು. ಗಂಟೆ ಹೊಡೆಯಿತು.

"ಕಳ್ಳ ಸಿಕ್ಕಿದ!" ಎಂದು ಎದುರಿನ ಬಾಳೆಹಣ್ಣಿನ ಅಂಗಡಿಯ ಕಾಕಾ ಕೂಗಿದರು. "ಈ ಗಂಟೆಗೆ ತಲೆ ಸರಿ ಇಲ್ಲ!"

ಮಾವನಿಗೆ ರೋಷ ಉಕ್ಕಿತು. ಸಂತೆಗೆ ಬಂದವರೆದುರು ಮೀಸೆ ಮುಟ್ಟಿ ಶಪಥ ಮಾಡಿಯೇಬಿಟ್ಟರು: "ಇನ್ನು ಒಂದೇ ಒಂದು ಸಲ ಇದು ಸುಳ್ಳು ಹೊಡೆದ್ರೆ, ಈ ಮೀಸೆ ಬೋಳಿಸ್ತೇನೆ ಕಾಕಾ!"

ಮೀಸೆಯೆಂದರೆ ಅವರ ಪದಕ. ಅತ್ತೆಗೂ ಅದನ್ನು ಮುಟ್ಟುವ ಹಕ್ಕಿರಲಿಲ್ಲ!

ಮುಂದಿನ ಸಂತೆಯಂದು ಅಂಗಡಿ ಗಿಜಿಗುಡುತ್ತಿತ್ತು. ಕಾಫಿ ತೋಟದ ಕೂಲಿ ಲೈನಿನಿಂದ ಒಬ್ಬ ಹೆಂಗಸು ಬಂದಿದ್ದಳು. "ಅಕ್ಕಿ ಸಾಕು ಸಾಮಿ. ನಾಳೆ ಮಗಳನ್ನ ನೋಡೋಕೆ ಬರ್ತಾರೆ," ಎಂದು ನಾಚಿಕೊಂಡೇ ಹೇಳಿದಳು. ಮಾವ ಅಕ್ಕಿ ತೂಗಲು ತಿರುಗಿದರು.

ಟ್ರಿಣ್ಣ್!

ಎಲ್ಲರೂ ತಿರುಗಿದರು. ಹೆಂಗಸಿನ ಕೈ ಸೆರಗಿನೊಳಗಿತ್ತು, ಮುಖ ಬಿಳಿಚಿತ್ತು. ಸಾಲಿನಲ್ಲಿ ಒಂದು ಸೋಪು ಕಡಿಮೆಯಾದದ್ದು ನನಗೆ ಕಂಡಿತು. ಮಾವನಿಗೂ ಕಂಡಿತು. ವಾರಗಟ್ಟಲೆ ಕಾದ ಗಳಿಗೆ!

ಮಾವ ಅವಳನ್ನು ಒಮ್ಮೆ ನೋಡಿದರು. ಆಮೇಲೆ ಗಂಟೆಯ ತಲೆಗೆ ಪಟ್ಟನೆ ಒಂದು ಕೊಟ್ಟರು.

"ಥೂ ದರಿದ್ರದ್ದು! ಯಾರೂ ಮುಟ್ಟದೆ ಹೊಡ್ಕೊಳ್ತದೆ!"

ಕಾಕಾ ಮೆಲ್ಲಗೆ, "ಹಾಗಾದ್ರೆ ಹವಾಲ್ದಾರ್ರೇ... ಮೀಸೆ?" ಎಂದರು.

ಮಾವನ ಕೈ ತಾನಾಗಿ ಮೀಸೆಯ ತುದಿಗೆ ಹೋಯಿತು. "ಮಾತು ಅಂದ್ರೆ ಮಾತು," ಎಂದು ಅಕ್ಕಿಯನ್ನು ಚೀಲಕ್ಕೆ ಸುರಿದು, "ಮಗಳಿಗೆ ಒಳ್ಳೆದಾಗ್ಲಿ ತಾಯಿ," ಎಂದು ಅವಳ ಕೈಗಿಟ್ಟರು. ಅವಳು ತಲೆ ಎತ್ತಲಾರದೆ ಹೋದಳು. ಮಾವ ನೇರವಾಗಿ ಕ್ಷೌರದಂಗಡಿಗೆ ನಡೆದರು. ಊರೇ ನಗುತ್ತಾ ಹಿಂದೆ ಹೋಯಿತು.

ಸಂಜೆ ಇಬ್ಬರೂ ಅಂಗಡಿಯ ಹಲಗೆ ಹಾಕುತ್ತಿದ್ದೆವು. ಮೀಸೆಯಿಲ್ಲದ ಮಾವ ಯಾರೋ ಅಪರಿಚಿತರಂತೆ ಕಾಣುತ್ತಿದ್ದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತ್ತು. ಅವರು ರಸ್ತೆಯ ಆಚೆ ಈಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದರು.

"ಅಳಿಯ, ಗಂಟೆ ಸರಿಯಾಗೇ ಹೊಡೀತಲ್ಲ ಮಾರಾಯ?"

"ಸರಿಯಾಗಿ ಹೊಡೀತು ಮಾವ," ಎಂದೆ.