ಮಂಚದ ಕೆಳಗಿನ ಮಿರಜ್

ರೈಲ್ವೆ ಮಂತ್ರಿಗಳಿಗೂ ಇಲ್ಲದ ಅಧಿಕಾರ ನನ್ನ ಸೋದರತ್ತೆಗಿತ್ತು. ರವಿವಾರ ಆಕೆಯ ಅಪ್ಪಣೆಯಿಲ್ಲದೆ ಆಕೆಯ ಗಂಡ ಅಡುಗೆಮನೆಗೆ ಹೋಗಿ ನೀರು ಕುಡಿಯುವಂತಿರಲಿಲ್ಲ. ಯಾವ ಮನೆಯಲ್ಲಿ ಹಾಗಿಲ್ಲ ಅನ್ನುತ್ತೀರಾ? ತಾಳಿ. ಈ ಮನೆಯಲ್ಲಿ ಆ ಅಪ್ಪಣೆಗೆ ಲೈನ್ ಕ್ಲಿಯರ್ ಎಂದು ಹೆಸರು!

ಇದು ಎಪ್ಪತ್ತರ ದಶಕದ ಪುಣೆ. ಅತ್ತೆಯ ಗಂಡ, ಅಂದರೆ ಮಾಮಾ, ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ನಾನು ನೌಕರಿಗೆಂದು ಹೋಗಿ ಅವರಲ್ಲೇ ಇದ್ದೆ. ಸಾಲಾಗಿ ಇದ್ದ ಮೂರೇ ಕೋಣೆಗಳಲ್ಲಿ ಅತ್ತೆ ಆಟಿಕೆ ರೈಲಿನ ಹಳಿ ಹಾಸಿ, ಹಳೆ ಸಾಮಾನಿನ ಜೂನಾ ಬಜಾರಿನಿಂದ ತಂದ, ಕೀಲಿ ಕೊಟ್ಟರೆ ಓಡುವ ಗಾಡಿಗಳನ್ನು ಓಡಿಸುತ್ತಿದ್ದಳು. ಹೊರಗಿನ ಕೋಣೆ ಪುಣೆ, ಅಡುಗೆಮನೆ ಆಕೆಯ ತವರು ಹುಬ್ಬಳ್ಳಿ, ನಡುಮನೆಯ ಮಂಚದ ಕೆಳಗೆ ಮಿರಜ್. ಆಗ ನಿಜವಾದ ಮಿರಜಿನಲ್ಲೂ ಬ್ರಾಡ್ ಗೇಜ್ ಮುಗಿದು ಮೀಟರ್ ಗೇಜ್ ಶುರುವಾಗುತ್ತಿತ್ತು. ಊರಿಗೆ ಹೋಗುವ ನಾವೆಲ್ಲ ಗಂಟುಮೂಟೆ ಹೊತ್ತು ಅಲ್ಲಿ ಗಾಡಿ ಬದಲಿಸಬೇಕಿತ್ತು. ಅತ್ತೆಯ ಪ್ರಯಾಣಿಕರಾದ ಹುಣಸೆಬೀಜಗಳಿಗೂ ಆ ಕರ್ಮ ತಪ್ಪಿರಲಿಲ್ಲ.

ಮಾಮಾ ಪುಣೆಯ ಸ್ಟೇಷನ್ ಮಾಸ್ತರ, ನಾನು ಹುಬ್ಬಳ್ಳಿಗೆ. ಲೈನ್ ಕ್ಲಿಯರಿನ ಗುರುತಾಗಿ ಎರಡು ದಾರಿಗೆ ಎರಡು ಹಸಿರು ಗಾಜಿನ ಬಳೆ; ಬಳೆ ಇದ್ದವರಿಗಷ್ಟೇ ದಾರಿ, ಗಾಡಿಯಾಗಲಿ ಮನುಷ್ಯರಾಗಲಿ. ಒಮ್ಮೆ ಮಾಮಾ ಮರೆತು ಬಳೆ ಹಾಕಿಕೊಂಡೇ ಹಾಲು ತಂದರು.

"ಗೌಳಿ ಹೆಂಡ್ತಿ ಏನಂದ್ಳು?" ಎಂದೆ.

"ಏನೂ ಅನ್ನಲಿಲ್ಲ. ಕುಂಕುಮ ಒಂದು ಹಚ್ಚಲಿಲ್ಲ ನೋಡು."

ಎರಡು ನಿಯಮ ಮಾತ್ರ ಯಾರೂ ಮುರಿಯುವಂತಿರಲಿಲ್ಲ. ಗಾಡಿಯನ್ನು ಕೈಯಿಂದ ಎತ್ತಬಾರದು. ಹಳಿ ತಪ್ಪಿದರೆ ಅಡುಗೆಮನೆಯ ಇಕ್ಕಳವೇ ಕ್ರೇನಾಗಿ ಬರಬೇಕು. ಎರಡನೆಯದು, ಪುಣೆ ಗಾಡಿ ಎಷ್ಟೇ ತಡವಾಗಲಿ, ಮಿರಜಿನಲ್ಲಿ ಹುಬ್ಬಳ್ಳಿ ಗಾಡಿ ಕಾಯಲೇಬೇಕು. ಅದು ಹುಬ್ಬಳ್ಳಿ ಮುಟ್ಟುವ ತನಕ ನಮಗೆ ರೊಟ್ಟಿಯಿಲ್ಲ!

ಇದರ ಹಿಂದಿನ ಸಂಗತಿ ನನಗೆ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ಅತ್ತೆಯ ತಾಯಿ, ನನ್ನ ಅಜ್ಜಿಗೆ ಜಡ್ಡು ಜೋರಾಗಿದೆ ಎಂದು ತಾರು ಬಂದಾಗ ಅತ್ತೆ ಹೊರಟ ಗಾಡಿ ತಡವಾಗಿತ್ತು. ಮಿರಜಿನಲ್ಲಿ ಹುಬ್ಬಳ್ಳಿ ಗಾಡಿ ಕಾಯದೆ ಹೋಗಿತ್ತು. ಮುಂದಿನ ಗಾಡಿ ಹಿಡಿದು ಆಕೆ ಮನೆ ಮುಟ್ಟುವಷ್ಟರಲ್ಲಿ ಅಜ್ಜಿಯನ್ನು ಮಸಣಕ್ಕೆ ಒಯ್ದಾಗಿತ್ತು.

ಒಂದು ರವಿವಾರ ನೆರೆಮನೆಯ ಮರಾಠಿ ಗಣಿತದ ಮಾಸ್ತರರನ್ನು ಮಿರಜಿಗೆ ನೇಮಿಸಿದೆವು. ಕೈಗಡಿಯಾರ ನೋಡದೆ ಸೀನುವವರೂ ಅಲ್ಲ ಅವರು. ಬಳೆ ತೊಟ್ಟು ಮಂಚದ ಕೆಳಗೆ ಬೋರಲಾಗಿ ಹಾಜರಾದರು. ಅವತ್ತೇ ಬೆಕ್ಕು ಹಳಿಯ ಮೇಲೆ ಮಲಗಬೇಕೆ? ಪುಣೆ ಗಾಡಿ ಹೊಸ್ತಿಲಲ್ಲೇ ನಿಂತಿತು.

"ಬೆಕ್ಕಿಗೆ ಬಳಿ ಕೊಟ್ಟವರು ಯಾರ್ರೀ?" ಅತ್ತೆ ವಿಚಾರಣೆ ಶುರು ಮಾಡಿದಳು.

"ಟಿಕೇಟಿಲ್ಲದ ಪ್ಯಾಸೆಂಜರ್ ಅದ, ಬಿಡು," ಎಂದರು ಮಾಮಾ.

ಅಷ್ಟರಲ್ಲಿ ಮಂಚದ ಕೆಳಗಿಂದ ಸೀಟಿ ಕೇಳಿಸಿತು. "ವೇಳ್ ಝಾಲಿ," ಹೊತ್ತಾಯಿತು ಎಂದು ಮರಾಠಿಯಲ್ಲಿ ಸಾರಿ ಮಾಸ್ತರರು ಗಾಡಿ ಬಿಟ್ಟೇಬಿಟ್ಟರು. ಖಾಲಿ ಡಬ್ಬಿಗಳ ಹುಬ್ಬಳ್ಳಿ ಗಾಡಿ ಕಟಕಟ ಎನ್ನುತ್ತ ನನ್ನ ಕಡೆ ಬರತೊಡಗಿತು.

ಅತ್ತೆ ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಬೆಕ್ಕಿನಾಚೆ ಪುಣೆ ಗಾಡಿಯಲ್ಲೇ ಉಳಿದುಹೋದ ಹುಣಸೆಬೀಜಗಳನ್ನು ನೋಡುತ್ತ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ಹೋತು," ಎಂದಳು.

ಮಾಮಾ ಬಳೆಯಿಲ್ಲದೆ ನಡುಮನೆ ದಾಟಿ ಬಂದರು. ಓಡುತ್ತಿದ್ದ ಗಾಡಿಯನ್ನು ಎರಡೂ ಕೈಯಿಂದ ಎತ್ತಿದರು. ಚಕ್ರಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು. ಅದನ್ನು ಹಿಂದಕ್ಕೊಯ್ದು ಮಿರಜಿನಲ್ಲಿ ನಿಲ್ಲಿಸಿದರು.

"ಗಾಡಿ ಹೋಗಿಲ್ಲ. ನಿನ್ನ ಸಲುವಾಗಿ ನಿಂತದ. ಹತ್ತು ಬಾ."

ನನಗೆ ಹಸಿವು ಮರೆತೇ ಹೋಯಿತು. ಅತ್ತೆ ಕಣ್ಣೊರೆಸಿಕೊಂಡು, ಹುಣಸೆಬೀಜಗಳನ್ನು ಉಡಿಯಲ್ಲಿ ತುಂಬಿಕೊಂಡು, ಮಂಚದ ಕೆಳಗೆ ನುಸುಳಿದಳು. ಮಾಸ್ತರರು ಸರಿದು ಜಾಗ ಕೊಟ್ಟರು. ಆಮೇಲೆ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು.